ವ್ಯಾಪಾರದ ಇಂಗ್ಲಿಷೂ ಪದಸಂಗ್ರಹದ ಭ್ರಾಂತಿಯೂ

ಪದಗಳನ್ನು ತೂಗಿ ಮಾರುವ ಅಂಗಡಿಗಳು ಈಚೆಗೆ ಪ್ರತಿಯೊಂದು ಪಟ್ಟಣದಲ್ಲಿಯೂ ತಲೆಯೆತ್ತಿರುವುವು. ದಿನಕ್ಕೆ ಹತ್ತು ಇಂಗ್ಲಿಷ್ ಪದಗಳನ್ನು ಬಾಯಿಪಾಠ ಮಾಡಿದರೆ ಆರು ತಿಂಗಳೊಳಗೆ ಪರದೇಶದ ವರ್ತಕರೊಡನೆ ನಿರರ್ಗಳವಾಗಿ ಮಾತನಾಡಬಹುದೆಂದು ಅವುಗಳ ಫಲಕಗಳು ಸಾರುವುವು. ಕೈಯಲ್ಲಿರುವ ಮೊಬೈಲು ಬೆಳಗಾದೊಡನೆ ಯಾರೂ ಆಡದ ಒಂದು ಪದವನ್ನು ಉಪದೇಶಿಸುವುದು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ, ಪದವಿ ಪಡೆದು, ಬೆಂಗಳೂರಿನ ಒಂದು ಕಚೇರಿಯನ್ನು ಸೇರಿದ ತರುಣನು ಸಭೆಯಲ್ಲಿ ಬಾಯಿ ತೆರೆಯಲಾರದೆ, ತನಗೆ ಪದಸಂಪತ್ತಿಲ್ಲವೆಂದು ಕುಗ್ಗಿ, ಸಂಬಳದ ಒಂದು ಭಾಗವನ್ನು ಈ ಅಂಗಡಿಗಳಿಗೆ ಸಲ್ಲಿಸುವನು. ಅವನ ವ್ಯಥೆ ನಿಜವಾದುದು. ಅವನಿಗೆ ಕೊಡುವ ಔಷಧವು ಮಾತ್ರ ಆ ರೋಗದ್ದಲ್ಲ.

ಇಂಗ್ಲಿಷು ಬೇಕೆ ಬೇಡವೆ ಎಂಬುದು ಇಲ್ಲಿಯ ಚರ್ಚೆಯಲ್ಲ. ಚಿಕ್ಕಮಗಳೂರಿನ ಕಾಫಿಯನ್ನು ಇಟಲಿ ದೇಶದವನಿಗೆ ಮಾರಬೇಕಾದರೆ ಇಬ್ಬರಿಗೂ ತಿಳಿಯುವ ಒಂದು ಭಾಷೆ ಬೇಕು. ಸದ್ಯಕ್ಕೆ ಅದು ಇಂಗ್ಲಿಷೇ ಆಗಿರುವುದು. ಆದರೆ ಮಾರುವವನಿಗೂ ಕೊಳ್ಳುವವನಿಗೂ ಅದು ಪರಭಾಷೆಯೆಂಬುದನ್ನು ಮರೆಯಬಾರದು. ಕನ್ನಡಿಗನು ಶ್ರಮಪಟ್ಟು ಸಂಪಾದಿಸಿದ ಅಪರೂಪದ ಪದವು ಇಟಲಿಯವನಿಗೆ ತಿಳಿಯದಿದ್ದರೆ ಅದರಿಂದಾಗುವ ಲಾಭವೇನು? ಅವನು ನಿಘಂಟನ್ನು ತೆರೆಯುವ ಬದಲು ಬೇರೊಬ್ಬ ವರ್ತಕನಿಗೆ ಪತ್ರ ಬರೆಯುವನು.

“ಪದಗಳೇ ಭಾಷೆಯ ಇಟ್ಟಿಗೆಗಳು, ಇಟ್ಟಿಗೆ ಹೆಚ್ಚಿದಷ್ಟೂ ಮನೆ ದೊಡ್ಡದಾಗುವುದು” ಎಂದು ಪೂರ್ವಪಕ್ಷದವರು ಹೇಳುವರು. ಈ ಭ್ರಾಂತಿ ಹೊಸದಲ್ಲ. ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿರುವನು. ಬೃಹಸ್ಪತಿಯಂತಹ ಗುರು, ಇಂದ್ರನಂತಹ ಶಿಷ್ಯ, ಸಾವಿರ ದಿವ್ಯವರ್ಷಗಳ ಅವಧಿ; ಶಬ್ದಗಳನ್ನು ಒಂದೊಂದಾಗಿ ಹೇಳಿಕೊಟ್ಟರೂ ಕೊನೆ ಮುಟ್ಟಲಿಲ್ಲವೆಂಬ ಕಥೆ ಅಲ್ಲಿದೆ. ದೇವಗುರುವಿಗೆ ಸಾಧ್ಯವಾಗದುದು ಆರು ತಿಂಗಳ ತರಗತಿಗೆ ಸಾಧ್ಯವಾಗುವುದೆಂದು ನಂಬುವುದು ಹೇಗೆ? ಅಲ್ಲಿಯೇ ಇನ್ನೊಂದು ಮಾತುಂಟು: ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಮಾಡಿಕೊಡೆಂದು ಕೇಳುವನು, ಶಬ್ದ ಬೇಕಾದವನು ಹಾಗೆ ವೈಯಾಕರಣನ ಮನೆಗೆ ಹೋಗುವುದಿಲ್ಲ. ಈಗಿನ ಅಂಗಡಿಗಳಾದರೋ ಶಬ್ದವನ್ನೂ ಗಡಿಗೆಯನ್ನಾಗಿ ಮಾಡಿರುವುವು.

ಹಾಗಾದರೆ ಶಬ್ದದ ಅರ್ಥವು ತಿಳಿಯುವುದೆಲ್ಲಿಂದ? ವೃದ್ಧವ್ಯವಹಾರದಿಂದ ಎಂದು ಮೀಮಾಂಸಕರು ಹೇಳುವರು. ಹಿರಿಯನೊಬ್ಬನು ಮತ್ತೊಬ್ಬನಿಗೆ “ಹಸುವನ್ನು ತಾ” ಎನ್ನುವನು; ಅವನು ತರುವನು. ಆಮೇಲೆ “ಹಸುವನ್ನು ಕಟ್ಟು, ಕುದುರೆಯನ್ನು ತಾ” ಎನ್ನುವನು. ಅವನು ಹಾಗೆಯೇ ಮಾಡುವನು. ಪಕ್ಕದಲ್ಲಿ ನಿಂತ ಬಾಲಕನು ಯಾವ ಪದ ಬದಲಾದಾಗ ಯಾವ ಕೆಲಸ ಬದಲಾಯಿತೆಂದು ನೋಡಿ ಅರ್ಥವನ್ನು ಗ್ರಹಿಸುವನು. ಇದಕ್ಕೆ ಸಾಕ್ಷಿ ಬೇಕಾದವರು ಕಾಫಿಯ ತೋಟಕ್ಕೆ ಹೋಗಿ ನೋಡಲಿ. ಶಾಲೆಯ ಮೆಟ್ಟಿಲು ಹತ್ತದ ಆಳೂ, ಹಣ್ಣನ್ನು ಇಡಿಯಾಗಿ ಒಣಗಿಸಿದರೆ “ಚೆರಿ” ಎಂದೂ, ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು ತೊಳೆದು ಒಣಗಿಸಿದರೆ “ಪಾರ್ಚ್‌ಮೆಂಟ್” ಎಂದೂ ತಪ್ಪದೆ ಹೇಳುವನು. ನಿಘಂಟನ್ನು ಮಾತ್ರ ನಂಬಿದ ಪದವೀಧರನಿಗೆ ಪಾರ್ಚ್‌ಮೆಂಟ್ ಎಂದರೆ ಬರೆಯಲು ಹದಮಾಡಿದ ತೊಗಲು! “ಆಸಿಡಿಟಿ” ಎಂಬುದು ಕನ್ನಡದ ಮನೆಗಳಲ್ಲಿ ಹೊಟ್ಟೆಯುರಿಯ ಹೆಸರು. ಕಾಫಿಯ ರುಚಿ ನೋಡುವವರಲ್ಲಿ ಅದು ಹಿತವಾದ ಹುಳಿಯನ್ನು ಮೆಚ್ಚಿ ಆಡುವ ಮಾತು. ಕೊಳ್ಳುವವನು ಈ ಪದದಿಂದ ಹೊಗಳಿದಾಗ ಕ್ಷಮೆ ಬೇಡಿ ಪತ್ರ ಬರೆಯುವ ಗುಮಾಸ್ತನಿಗೆ ಪದ ಗೊತ್ತಿಲ್ಲವೆನ್ನಲಾಗದು. ಅದು ವಾಸಮಾಡುವ ಮನೆ ಗೊತ್ತಿಲ್ಲ.

ಮತ್ತೊಂದು ವಿಚಾರ. ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಸೇರದೆ ವಾಕ್ಯಾರ್ಥವಾಗದೆಂದು ಶಾಸ್ತ್ರವು ಹೇಳುವುದು. “ಬೆಂಕಿಯಿಂದ ನೆನೆಸುವನು” ಎಂಬಲ್ಲಿ ಎರಡು ಪದಗಳೂ ಶುದ್ಧ. ಅವುಗಳ ಜೊತೆ ಅಯೋಗ್ಯ. ಇಂಗ್ಲಿಷಿನಲ್ಲಿಯೂ ಪದಗಳಿಗೆ ಇಂತಹ ಜೊತೆಗಳುಂಟು. ಮಳೆ ಜೋರಾದರೆ “ಹೆವಿ”, ಗಾಳಿ ಜೋರಾದರೆ “ಸ್ಟ್ರಾಂಗ್”. “ಡಿಸ್ಕಸ್” ಎಂಬುದಕ್ಕೆ “ಅಬೌಟ್” ಬೇಡ. ಕನ್ನಡದ “ಬಗ್ಗೆ” ಎಂಬುದೇ ಅದನ್ನು ಅಲ್ಲಿಗೆ ಎಳೆದು ತರುವುದು. ಪ್ರಶ್ನೆಯೊಂದನ್ನು ಕೇಳಬೇಕಾದ ಕನ್ನಡಿಗನು ಸಂದೇಹವೆಂಬ ಅರ್ಥದಲ್ಲಿ “ಡೌಟ್” ಇದೆಯೆನ್ನುವನು. ಹೊರದೇಶದವನು ತನ್ನ ಮಾತಿನಲ್ಲಿ ಅಪನಂಬಿಕೆಯೆಂದು ಬಗೆಯುವನು. “ರಿವರ್ಟ್” ಎಂದರೆ ಇಲ್ಲಿಯ ಕಚೇರಿಗಳಲ್ಲಿ ಉತ್ತರ ಕೊಡುವುದು. ಇತರ ಕಡೆಗಳಲ್ಲಿ ಹಿಂದಿನ ಸ್ಥಿತಿಗೆ ಮರಳುವುದು. “ಔಟ್‌ಸ್ಟ್ಯಾಂಡಿಂಗ್” ಎಂಬುದು ಮನುಷ್ಯನಿಗೆ ಹೊಗಳಿಕೆ. ಲೆಕ್ಕದ ಪುಸ್ತಕದಲ್ಲಿ ಬರಬೇಕಾದ ಬಾಕಿ. ವಾಚಕರು ಗಮನಿಸಬೇಕಾದುದೇನೆಂದರೆ, ಇವುಗಳಲ್ಲಿ ಯಾವುದೂ ಕಠಿನ ಪದವಲ್ಲ. ವ್ಯವಹಾರವು ಕೆಡುವುದು ತಿಳಿದಿದೆಯೆಂದುಕೊಂಡ ಪದಗಳಿಂದ. ಅಂಗಡಿಗಳು ಮಾರುವುದು ಎಂದೂ ಬೇಕಾಗದ ಪದಗಳನ್ನು.

ಇಂಗ್ಲಿಷನ್ನು ತಾಯಿಯ ಮಡಿಲಲ್ಲಿ ಕಲಿತವರಿಗೂ ಈ ಕಷ್ಟ ತಪ್ಪಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಒಂದು ಪತ್ರವನ್ನು ತುರ್ತಾಗಿ “ಟೇಬಲ್” ಮಾಡಬೇಕೆಂದರು. ಬ್ರಿಟನ್ನಿನಲ್ಲಿ ಹಾಗೆಂದರೆ ಚರ್ಚೆಗೆ ಮುಂದಿಡುವುದು. ಅಮೆರಿಕದಲ್ಲಿ ಬದಿಗೆ ಸರಿಸಿಬಿಡುವುದು. ಎರಡು ಪಕ್ಷದವರ ಅಭಿಪ್ರಾಯವೂ ಒಂದೇ ಎಂದು ತಿಳಿಯುವ ಮೊದಲು ಬಹಳ ಹೊತ್ತು ಕಾವೇರಿದ ವಾದ ನಡೆಯಿತೆಂದು ಚರ್ಚಿಲ್ ತಮ್ಮ ಯುದ್ಧೇತಿಹಾಸದಲ್ಲಿ ಬರೆದಿರುವರು. ಅವರಿಗೇನು ಪದದಾರಿದ್ರ್ಯವಿದ್ದಿತೆ?

ಬೇಕಾದ ಪದಗಳಾದರೂ ಎಷ್ಟು? ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣದಲ್ಲಿ ತೊಡಗಿ ಬಂಗಾಳಿ ಬಾಲಕರ ಓದನ್ನು ಪರೀಕ್ಷಿಸಿದ ಮೈಕೇಲ್ ವೆಸ್ಟ್ ಎಂಬವರು 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಇರುವುದು ಸುಮಾರು 2000 ಮೂಲಪದಗಳು. ಸಾಧಾರಣವಾದ ಇಂಗ್ಲಿಷ್ ಬರವಣಿಗೆಯಲ್ಲಿ ನೂರಕ್ಕೆ ಸುಮಾರು 80 ಪಾಲು ಇವುಗಳೇ. ಅದೂ ಬರಿಯ ಪಟ್ಟಿಯಲ್ಲ. ಒಂದೊಂದು ಪದಕ್ಕೂ ಯಾವ ಅರ್ಥವು ಎಷ್ಟು ಹೆಚ್ಚಾಗಿ ಬಳಕೆಯಲ್ಲಿದೆಯೆಂಬುದನ್ನು ಅಲ್ಲಿ ತೋರಿಸಿದೆ. ಇದರ ಮೇಲೆ ಬೇಕಾಗುವುವು ಅವರವರ ಕಸುಬಿನ ಪದಗಳು. ರಫ್ತಿನ ವ್ಯಾಪಾರವನ್ನೇ ತೆಗೆದುಕೊಳ್ಳಬಹುದು. ಅಂತರರಾಷ್ಟ್ರೀಯ ವಾಣಿಜ್ಯ ಮಂಡಲಿಯು 1936ರಲ್ಲಿ ಮೊದಲು ಪ್ರಕಟಿಸಿದ ಇನ್‌ಕೋಟರ್ಮ್ಸ್ ಎಂಬ ಸಂಕೇತಗಳು 2020ರ ಆವೃತ್ತಿಯಲ್ಲಿ 11 ಮಾತ್ರ. “ಸಿ.ಐ.ಎಫ್.” ಎಂದು ಒಪ್ಪಿದ ಮಾರಾಟಗಾರನು ಕೊಳ್ಳುವವನ ಬಂದರಿನವರೆಗೆ ಹಡಗಿನ ಬಾಡಿಗೆಯನ್ನೂ ವಿಮೆಯನ್ನೂ ಕೊಡಬೇಕು, ಆದರೆ ಸರಕಿನ ನಷ್ಟದ ಹೊಣೆಯು ಇಲ್ಲಿಯ ಬಂದರಿನಲ್ಲಿ ಹಡಗನ್ನೇರಿದಾಗಲೇ ಕೊಳ್ಳುವವನಿಗೆ ಸೇರುವುದು. ಈ ಭೇದವನ್ನರಿಯದೆ ಸಾವಿರ ಅಲಂಕಾರಪದಗಳನ್ನು ಬಲ್ಲವನು ಮಂಗಳೂರಿನಿಂದ ಸರಕನ್ನು ಕಳುಹಿಸಿದರೆ, ಸಮುದ್ರದಲ್ಲಿ ಮೂಟೆಗಳು ನೆನೆದ ದಿನ ಅವನ ಪದಗಳು ಅವನನ್ನು ಕಾಯಲಾರವು.

ಇನ್ನು ಆಕ್ಷೇಪಗಳು. ಪಾಠಶಾಲೆಗಳಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿಸುತ್ತಿರಲಿಲ್ಲವೆ, ಅದೂ ಪದಸಂಗ್ರಹವಲ್ಲವೆ ಎಂದು ಕೆಲವರು ಕೇಳಬಹುದು. ಮಾಡಿಸುತ್ತಿದ್ದುದು ನಿಜ. ಆದರೆ ಅಮರನ ಪದಗಳು ಸ್ವರ್ಗ, ಕಾಲ, ಪುರ, ವನ ಎಂದು ವಿಷಯಾನುಸಾರವಾಗಿ, ಲಿಂಗಸಹಿತವಾಗಿ, ಶ್ಲೋಕದಲ್ಲಿ ಕಟ್ಟಲ್ಪಟ್ಟವು. ಜೊತೆಗೆ ರಘುವಂಶವನ್ನು ತೆರೆದು ಅನ್ವಯಕ್ರಮದಿಂದ ಅರ್ಥ ಹೇಳುವ ಪದ್ಧತಿಯಿತ್ತು. ಕೋಶವು ಕಾವ್ಯದ ಸೇವಕನಾಗಿತ್ತು. ಕೋಶವನ್ನು ಮಾತ್ರ ಉರುಹೊಡೆದವನನ್ನು ಪಂಡಿತನೆಂದು ಯಾರೂ ಕರೆಯಲಿಲ್ಲ. ದೊಡ್ಡ ಪದಗಳನ್ನು ಬಳಸಿದರೆ ಮೇಲಧಿಕಾರಿಗಳು ಮೆಚ್ಚುವರೆಂಬುದು ಎರಡನೆಯ ಆಕ್ಷೇಪ. ಇಂಗ್ಲೆಂಡಿನ ಸರ್ಕಾರಿ ನೌಕರರ ಆಡಂಬರದ ಬರವಣಿಗೆಯನ್ನು ತಿದ್ದುವುದಕ್ಕಾಗಿ ಅಲ್ಲಿಯ ಖಜಾನೆ ಇಲಾಖೆಯೇ ಅರ್ನೆಸ್ಟ್ ಗೋವರ್ಸ್ ಅವರಿಂದ ಪುಸ್ತಕ ಬರೆಯಿಸಿ 1948ರಲ್ಲಿ ಪ್ರಕಟಿಸಿತು. ಸರಳವಾಗಿ ಬರೆಯಿರೆಂಬುದೇ ಅದರ ಸಾರ. ಒಡೆಯರು ಬಿಸುಟ ಪೇಟವನ್ನು ಇಲ್ಲಿಯವರು ಇಂದಿಗೂ ಹಣ ಕೊಟ್ಟು ಕೊಳ್ಳುವುದು ವಿಷಾದದ ಸಂಗತಿ.

ಖಂಡನೆಯಿಂದಷ್ಟೇ ಪ್ರಯೋಜನವಿಲ್ಲ; ಮಾಡತಕ್ಕುದನ್ನೂ ಹೇಳಬೇಕು. ಮೊದಲನೆಯದಾಗಿ, ಯಾರು ಯಾರಿಗೆ ಏನನ್ನು ಎಂದಿನೊಳಗೆ ಕೊಡಬೇಕೆಂಬುದನ್ನು ತರುಣನು ಕನ್ನಡದಲ್ಲಿ ಸ್ಪಷ್ಟವಾಗಿ ಹೇಳಲು ಕಲಿಯಲಿ. ಕನ್ನಡದಲ್ಲಿ ಮಸುಕಾದುದು ಇಂಗ್ಲಿಷಿನಲ್ಲಿ ತಿಳಿಯಾಗಲಾರದು. ಎರಡನೆಯದಾಗಿ, ತನ್ನ ಕಚೇರಿಗೆ ಬರುವ ಒಳ್ಳೆಯ ಪತ್ರಗಳಿಂದ ಪದಗಳನ್ನಲ್ಲ, ಇಡೀ ವಾಕ್ಯಗಳನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ಮರುದಿನ, ವಾರದ ಮೇಲೆ, ತಿಂಗಳ ಮೇಲೆ ಅವನ್ನು ನೋಡದೆ ಹೇಳಿ ಒಪ್ಪಿಸಲಿ. ಆವೃತ್ತಿಯಿಲ್ಲದೆ ಯಾವ ವಿದ್ಯೆಯೂ ನಿಲ್ಲದು. ಮೂರನೆಯದಾಗಿ, ಕಲಿಯುವವರಿಗೆಂದೇ ರಚಿತವಾದ ನಿಘಂಟನ್ನು ಬಳಸಲಿ. ಹಾರ್ನ್‌ಬಿ ಮತ್ತು ಅವರ ಸಂಗಡಿಗರು ಜಪಾನಿನಲ್ಲಿ ಕಲಿಸಿದ ಅನುಭವದಿಂದ ರಚಿಸಿ, 1942ರಲ್ಲಿ ಟೋಕಿಯೋದಲ್ಲಿಯೂ 1948ರಲ್ಲಿ ಆಕ್ಸ್‌ಫರ್ಡಿನವರಿಂದಲೂ ಪ್ರಕಟವಾದ ನಿಘಂಟು ಈ ಜಾತಿಯದು. ಪದದ ಅರ್ಥದೊಡನೆ ಅದು ವಾಕ್ಯದಲ್ಲಿ ಕೂರುವ ಬಗೆಯನ್ನೂ ಅದು ತೋರಿಸುವುದು. ಕೊನೆಯದಾಗಿ, ತಿಳಿಯದ ಮಾತು ಬಂದಾಗ ತಲೆಯಾಡಿಸಿ ಸುಮ್ಮನಿರದೆ, ತಾನು ಗ್ರಹಿಸಿದುದನ್ನು ಸುಲಭವಾದ ಮಾತುಗಳಲ್ಲಿ ಹಿಂದಕ್ಕೆ ಹೇಳಿ, ಸರಿಯೆ ಎಂದು ಕೇಳಲಿ. ಇದರಿಂದ ಮರ್ಯಾದೆಗೆ ಕುಂದಿಲ್ಲ. ಸರಕೂ ಹಣವೂ ಉಳಿಯುವುವು.

ಮಕ್ಕಳ ಕೈಗೆ ಪದಗಳ ಪಟ್ಟಿಯನ್ನು ಕೊಡುವ ತಂದೆತಾಯಿಗಳು ಇದನ್ನು ವಿಚಾರಮಾಡಲಿ. ಸಭೆಯಲ್ಲಿ ಮೌನವಾಗಿ ಕುಳಿತಿರುವ ಆ ತರುಣನು ತೋಟದ ಲೆಕ್ಕವನ್ನೋ ಯಂತ್ರದ ದೋಷವನ್ನೋ ಇತರರಿಗಿಂತ ಚೆನ್ನಾಗಿ ಬಲ್ಲವನಾಗಿರಬಹುದು. ಬಲ್ಲುದನ್ನು ಹೇಳುವುದಕ್ಕೆ ಬೇಕಾದ ಪದಗಳಲ್ಲಿ ಹೆಚ್ಚಿನವು ಅವನಲ್ಲಿ ಆಗಲೇ ಇರುವುವು. ಅವನ್ನು ಜೋಡಿಸುವ ಅಭ್ಯಾಸವನ್ನೂ ಬಾಯಿ ತೆರೆಯುವ ಧೈರ್ಯವನ್ನೂ ಯಾವ ಅಂಗಡಿಯೂ ಮಾರುವುದಿಲ್ಲ. ಮನೆಯವರೂ ಜೊತೆಯಲ್ಲಿ ಕೆಲಸಮಾಡುವ ಹಿರಿಯರೂ ಸೇರಿ ಅವನಿಗೆ ಅವನ್ನು ಕೊಡಬೇಕು.