ಕಾಲಂಗೆ ಬೀಗವೂ ಬೇಕು, ಕೀಲಿಯೂ ಬೇಕು



ಸಾಲದ ಅರ್ಜಿ ಈಗ ಕಂಪ್ಯೂಟರ್ ಪರದೆಗೆ ಬಂದಿದೆ. ಹೆಚ್ಚು ಕೋಡ್ ಬರೆಯದೆ ಇಂಥ ನಮೂನೆ ಕಟ್ಟುವ ತಂತ್ರಾಂಶಗಳೂ ಬಂದಿವೆ. ಆದರೆ ಯಾವ ಕಾಲಂ ತುಂಬಲೇಬೇಕು, ಯಾವುದನ್ನು ತಿದ್ದಬಾರದು ಎಂಬುದನ್ನು ಹೇಳಬೇಕಾದವರು ಬೆಳೆಗಾರರೇ.

ಪಹಣಿಯನ್ನೇ ನೋಡಿ. 2000ದ ಸುಮಾರಿಗೆ 'ಭೂಮಿ' ಯೋಜನೆಯಡಿ ಕಂಪ್ಯೂಟರಿಗೆ ಏರಿದ ಮೇಲೂ 9ನೇ ಕಾಲಂನ ಖಾತೆದಾರರ ಹೆಸರು ಮ್ಯುಟೇಷನ್ ಆಗದೆ ಬದಲಾಗದು. 12ನೇ ಕಾಲಂನ ಬೆಳೆ ಹಂಗಾಮಿಗೆ ತಕ್ಕಂತೆ ಬದಲಾಗುತ್ತದೆ. ಇದು ನ್ಯಾಯವಾದ ಕ್ರಮ. ನಮ್ಮ ಅರ್ಜಿಯಲ್ಲೂ ಸರ್ವೆ ನಂಬರು, ವಿಸ್ತೀರ್ಣಗಳಿಗೆ ಬೀಗವಿರಲಿ. ಜಂಟಿ ಖಾತೆಯಾದರೆ ಮಾತ್ರ ಉಳಿದವರ ಒಪ್ಪಿಗೆ ಕಡ್ಡಾಯವಾಗಲಿ. ಅಡಿಕೆ ಬೆಳೆಗಾರರನ್ನು ಕಾಫಿ ಗಿಡದ ಲೆಕ್ಕ ಕೇಳುವುದೇಕೆ?

ವಿರೂಪಾಕ್ಷಿಪುರದ ಕಡೆಯ ತಾಯಿಯೊಬ್ಬರಿಗೆ ಪೌತಿ ಖಾತೆ ಆಗಿರಲಿಲ್ಲ. ಪರದೆಯಲ್ಲಿ ತೀರಿಹೋದ ಯಜಮಾನರ ಹೆಸರೇ ಇತ್ತು. ತಿದ್ದುವಂತಿಲ್ಲ, ಅವರ ಸಹಿ ಮಾತ್ರ ಕಡ್ಡಾಯ! ಅರ್ಜಿ ಅಲ್ಲಿಗೇ ನಿಂತಿತು. ತೋಟಕ್ಕೆ ಗೊಬ್ಬರ ಹಾಕುವ ಕಾಲ ಮೀರಿತು.

ಹೆಸರಿನ ಬೀಗ ತೆಗೆಯಿರೆಂದು ನಾವು ಹೇಳುವುದಿಲ್ಲ. ಆ ತಾಯಿಗಾಗಿ ತೆಗೆದದ್ದು ನಾಳೆ ಮೋಸಗಾರನಿಗೂ ತೆರೆದೀತು. 'ಪೌತಿ ಬಾಕಿ' ಎಂದು ಗುರುತಿಸಿದರೆ ಸಹಿಯ ಕಡ್ಡಾಯ ತಪ್ಪಿ, ಮರಣ ಪತ್ರ, ವಂಶವೃಕ್ಷ ಕಡ್ಡಾಯವಾಗಲಿ. ಅರ್ಜಿ ಆಡಳಿತ ಮಂಡಳಿಯ ಮುಂದೆ ಬರಲಿ. ಸಾಲ ಕೊಡುವುದೋ ಬಿಡುವುದೋ ಮನುಷ್ಯರು ತೀರ್ಮಾನಿಸಲಿ, ಪರದೆಯಲ್ಲ.

ನಿಮಗೆ ಅಡ್ಡಿಯಾದ ಕಾಲಂ ಯಾವುದೆಂದು ಬರೆದು ತಿಳಿಸಿ. ಸಭೆಯ ಮುಂದಿಡುವ ಹೊಣೆ ನಮ್ಮದು.