ಮಾಗಿಯ ಚಳಿಯಲ್ಲಿ ಬರಿಗಾಲ ಓಟ

ಕಾರ್ತಿಕ ಮುಗಿದು ಮಾರ್ಗಶಿರ ಕಾಲಿಟ್ಟೊಡನೆ ಉತ್ತರ ಕರ್ನಾಟಕದ ನಮ್ಮ ಊರುಗಳಲ್ಲಿ ಬೆಳಗಿನ ಜಾವ ಎರಡು ಬಗೆಯ ಬರಿಗಾಲುಗಳು ಕಾಣಸಿಗುತ್ತವೆ. ಒಂದು, ಪೊಲೀಸ್ ಹಾಗೂ ಸೇನೆಯ ನೇಮಕಾತಿಯನ್ನು ಕಣ್ಣಮುಂದಿಟ್ಟುಕೊಂಡು ಶಾಲೆಯ ಮೈದಾನದಲ್ಲಿ 1600 ಮೀಟರ್ ಓಟವನ್ನು ಅಭ್ಯಾಸ ಮಾಡುವ ತರುಣರದು. ಇನ್ನೊಂದು, ಜಾತ್ರೆಗೆ ಹರಕೆ ಹೊತ್ತು ನಡೆಯುವ ಹಿರಿಯರದು. ವಿಜಯಪುರದ ಸಿದ್ಧೇಶ್ವರ ಜಾತ್ರೆ, ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆ, ಕೊಪ್ಪಳದ ಗವಿಮಠದ ಜಾತ್ರೆ ಎಲ್ಲವೂ ಚಳಿಯ ದಿನಗಳಲ್ಲಿಯೇ ಬರುತ್ತವೆ. ಬರಿಗಾಲಿನ ಓಟ ಮತ್ತು ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ಈಗ ಎಲ್ಲೆಡೆ ಹರಡಿರುವುದರಿಂದ, ಚಳಿಗಾಲದಲ್ಲಿಯೇ ಅದನ್ನು ಕಲಿಯಲಾರಂಭಿಸಬಹುದೇ ಎಂಬ ಪ್ರಶ್ನೆಯೂ ಎದ್ದಿದೆ.

ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇವೆ. ಬರಿಗಾಲ ಓಟದ ಗುಣವೆಲ್ಲ ಅಂಗಾಲಿನ ಅರಿವಿನಲ್ಲಿದೆ. ಚಳಿಯು ಆ ಅರಿವನ್ನೇ ಮಂದಗೊಳಿಸುತ್ತದೆ. ಆದುದರಿಂದ ಅರಿವು ಚೆನ್ನಾಗಿರುವವರು ಚಳಿಯಲ್ಲಿ ಎಚ್ಚರದಿಂದ, ಸ್ವಲ್ಪ ಸ್ವಲ್ಪವಾಗಿ ಕಲಿಯಬಹುದು. ಮಧುಮೇಹದಿಂದಲೋ ಬೇರೆ ಕಾರಣದಿಂದಲೋ ಅಂಗಾಲಿನ ಅರಿವನ್ನು ಕಳೆದುಕೊಂಡವರು ಚಳಿಯಲ್ಲಿ ಮಾತ್ರವಲ್ಲ, ಯಾವ ಕಾಲದಲ್ಲಿಯೂ ಬರಿಗಾಲಿನಲ್ಲಿ ದಾರಿಗಿಳಿಯಬಾರದು.

ಮನುಷ್ಯನ ಒಂದೊಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳನ್ನು ಕಟ್ಟಿ ಹಿಡಿದಿರುವ ಸ್ನಾಯುಗಳು, ಕಮಾನಿನಂತೆ ಬಾಗಿರುವ ನಡುಪಾದ, ಅಂಗಾಲಿನ ಚರ್ಮದಲ್ಲಿ ಹರಡಿಕೊಂಡಿರುವ ನರತುದಿಗಳು ಒಂದು ಹೆಜ್ಜೆಯಿಡುವಷ್ಟರಲ್ಲಿ ನೆಲದ ಸಮಾಚಾರವನ್ನೆಲ್ಲ ಮೆದುಳಿಗೆ ಮುಟ್ಟಿಸುತ್ತವೆ. ಕೆಳಗೆ ಹರಳಿದ್ದರೆ ಪೂರ್ತಿ ಭಾರ ಬೀಳುವ ಮೊದಲೇ ಕಾಲು ತಾನಾಗಿ ಹಗುರಾಗುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ದಪ್ಪ ಅಟ್ಟೆಯ ಬೂಟು ತೊಟ್ಟು ಬೆಳೆದವರು ಸಾಮಾನ್ಯವಾಗಿ ಹಿಮ್ಮಡಿಯನ್ನು ಮೊದಲು ಊರಿ ಓಡುತ್ತಾರೆ. ಬಾಲ್ಯದಿಂದ ಬರಿಗಾಲಿನಲ್ಲಿ ಓಡಿದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಅಥವಾ ನಡುಭಾಗವನ್ನು ಮೊದಲು ಊರುತ್ತಾರೆ. ಇದರಿಂದ ನೆಲದ ಮೊದಲ ಪೆಟ್ಟು ಮೆತ್ತಗಾಗುತ್ತದೆ ಎಂದು ಆ ಅಧ್ಯಯನ ತೋರಿಸಿತು. ಬರಿಗಾಲಿನವರಿಗೆ ಗಾಯವೇ ಆಗುವುದಿಲ್ಲವೆಂದು ಅದು ಹೇಳಲಿಲ್ಲ. ಆದರೆ ಕೇಳಿದವರು ಹಾಗೆಂದುಕೊಂಡರು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದ ಸಂಗತಿಯನ್ನು ಈ ಪ್ರಸಂಗದಲ್ಲಿ ಎಲ್ಲರೂ ನೆನೆಯುತ್ತಾರೆ. ನೆನೆಯತಕ್ಕದ್ದೇ. ಆದರೆ ಅದು ಸೆಪ್ಟೆಂಬರ್ ತಿಂಗಳ ಸಂಜೆ, ಚಳಿಯ ದಿನವಲ್ಲ. ಆತನ ಕಾಲುಗಳು ಮೊದಲೇ ಬರಿನೆಲಕ್ಕೆ ಒಗ್ಗಿದ್ದವು. ನಾಲ್ಕು ವರ್ಷಗಳ ತರುವಾಯ ಟೋಕಿಯೊದಲ್ಲಿ ಅದೇ ಬಿಕಿಲ ಬೂಟು ತೊಟ್ಟು, ರೋಮ್‌ನಲ್ಲಿ ತೆಗೆದುಕೊಂಡುದಕ್ಕಿಂತ ಸುಮಾರು ಮೂರು ನಿಮಿಷ ಕಡಿಮೆ ಕಾಲದಲ್ಲಿ ಓಡಿ ಮತ್ತೆ ಗೆದ್ದನು. ಈ ಎರಡನೆಯ ಸಂಗತಿಯನ್ನು ಹೇಳುವವರು ಕಡಿಮೆ.

ವರ್ಷಗಟ್ಟಲೆ ಬೂಟಿನೊಳಗಿದ್ದ ಪಾದವು ಒಂದು ವಾರದಲ್ಲಿ ಬರಿನೆಲಕ್ಕೆ ಹೊಂದಿಕೊಳ್ಳುವುದಿಲ್ಲ. ಅಮೆರಿಕದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ 36 ಮಂದಿ ಅನುಭವಿ ಓಟಗಾರರನ್ನು ಹತ್ತು ವಾರ ಗಮನಿಸಲಾಯಿತು. ಬರಿಗಾಲಿನಂತೆಯೇ ಇರುವ ತೆಳು ಪಾದರಕ್ಷೆಗೆ ಬದಲಾದ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪಾದದ ಮೂಳೆಯೊಳಗೆ, ಮೂಳೆಗೆ ಶ್ರಮ ಮಿತಿಮೀರಿದುದರ ಗುರುತಾದ ಬಾವು ಹೆಚ್ಚಿದ್ದುದು ಸ್ಕ್ಯಾನಿನಲ್ಲಿ ಕಂಡುಬಂದಿತು. ಸ್ನಾಯು ಕೆಲವು ವಾರಗಳಲ್ಲಿ ಬಲಗೊಳ್ಳಬಹುದು. ಮೂಳೆಗೆ ತಿಂಗಳುಗಳು ಬೇಕು. ಉತ್ಸಾಹವಂತೂ ಒಂದೇ ದಿನದಲ್ಲಿ ಬೆಳೆಯುತ್ತದೆ! ನೇಮಕಾತಿಗೆ ಎರಡು ತಿಂಗಳಿರುವಾಗ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಬೂಟು ಕಳಚಿಡುವ ತರುಣರಿಗೆ ನಮ್ಮ ಸ್ಪಷ್ಟ ಸಲಹೆ, ಈಗ ಬೇಡ ಎಂಬುದು. ಪಾದದ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆ ವರ್ಷದ ಅವಕಾಶ ಕೈತಪ್ಪುತ್ತದೆ. ನೇಮಕಾತಿ ಮುಗಿದ ಮೇಲೆ ಕಲಿಯಲಿ.

ಇನ್ನು ಚಳಿಯ ವಿಷಯ. ದೇಹವು ತನ್ನ ಒಳಗಿನ ಬಿಸಿಯನ್ನು ಉಳಿಸಿಕೊಳ್ಳಲು ಚಳಿಯಲ್ಲಿ ಕೈಕಾಲುಗಳ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಹೃದಯ, ಮೆದುಳು, ಯಕೃತ್ತುಗಳನ್ನು ಬೆಚ್ಚಗಿಡುವುದು ಅದಕ್ಕೆ ಮುಖ್ಯ. ಕಾಲ್ಬೆರಳುಗಳ ಸರದಿ ಕೊನೆಗೆ. ರಕ್ತ ಕಡಿಮೆಯಾದ ಪಾದ ತಣ್ಣಗಾಗುತ್ತದೆ, ತಣ್ಣಗಾದ ನರ ನಿಧಾನವಾಗಿ ಸುದ್ದಿ ಮುಟ್ಟಿಸುತ್ತದೆ, ಇನ್ನಷ್ಟು ತಣ್ಣಗಾದರೆ ಮುಟ್ಟಿಸುವುದೇ ಇಲ್ಲ. ಮೊದಲು ಚುರುಗುಟ್ಟುತ್ತಿದ್ದ ಅಂಗಾಲು ಸ್ವಲ್ಪ ಹೊತ್ತಿನ ಮೇಲೆ ಸುಮ್ಮನಾದಾಗ, ಕಾಲು ಚಳಿಗೆ ಒಗ್ಗಿಕೊಂಡಿತು ಎಂದು ಹಲವರು ಸಂತೋಷಪಡುತ್ತಾರೆ. ಅದು ಒಗ್ಗಿಕೊಂಡುದಲ್ಲ, ಮರಗಟ್ಟಿದ್ದು. ಮುಳ್ಳು ಚುಚ್ಚಿದರೂ ತಿಳಿಯದ ಸ್ಥಿತಿ ಅದು.

ಬೀದರ, ಕಲಬುರಗಿ, ವಿಜಯಪುರಗಳ ಕಡೆ ಚಳಿ ಹಿಮ ಬೀಳುವಷ್ಟಿಲ್ಲ, ನಿಜ. ಆದರೆ ನಮ್ಮ ಚಳಿ ಒಣಚಳಿ. ಗಾಳಿಯಲ್ಲಿ ತೇವವಿಲ್ಲದೆ ಹಿಮ್ಮಡಿ ಒಡೆಯುತ್ತದೆ. ಒಡೆದ ಬಿರುಕಿನಲ್ಲಿ ಎರೆಮಣ್ಣು ತುಂಬುತ್ತದೆ. ತೊಗರಿ ಕೊಯ್ದ ಹೊಲದಲ್ಲಿ ಉಳಿಯುವ ಕೂಳೆ ಮೊಳೆಯಂತಿರುತ್ತದೆ, ದಾರಿಯ ಬದಿಗೆ ಜಾಲಿಯ ಮುಳ್ಳು ಬಿದ್ದಿರುತ್ತದೆ. ನಸುಕಿನ ಕತ್ತಲಿನಲ್ಲಿ ಇವು ಕಾಣವು, ಮರಗಟ್ಟಿದ ಕಾಲಿಗೆ ತಿಳಿಯವು. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ನಮ್ಮ ಭಕ್ತರ ಮಕ್ಕಳ ವಿಷಯ ಬೇರೆ. ಅಲ್ಲಿ ನೆಲವೇ ಹೆಪ್ಪುಗಟ್ಟಿರುವ ದಿನಗಳುಂಟು. ಅಂತಹ ದಿನ, ಅದರಲ್ಲಿಯೂ ಕಾಲು ಒದ್ದೆಯಾದರೆ, ಬೆರಳಿನ ಮಾಂಸವೇ ಹೆಪ್ಪುಗಟ್ಟಿ ಸಾಯಬಲ್ಲದು. ಅವರು ಬರಿಗಾಲ ಅಭ್ಯಾಸವನ್ನು ಮನೆಯೊಳಗೆ ಮಾಡಿಕೊಳ್ಳುವುದೇ ಸರಿ.

ಕಲಿಯಲೇಬೇಕೆಂಬ ಆರೋಗ್ಯವಂತರು ಹೇಗೆ ಕಲಿಯಬೇಕು? ಚಳಿ ಬರುವ ಮೊದಲೇ, ನವರಾತ್ರಿಯ ಸುಮಾರಿಗೆ, ಬರಿಗಾಲಿನ ನಡಿಗೆಯಿಂದ ಆರಂಭಿಸುವುದು ಉತ್ತಮ. ಆ ಅವಧಿ ದಾಟಿಹೋಗಿದ್ದರೆ, ಈಗ ನಡಿಗೆಯನ್ನು ಮಾತ್ರ ಮಾಡಿ ಓಟವನ್ನು ಶಿವರಾತ್ರಿಯ ನಂತರಕ್ಕೆ ಇಟ್ಟುಕೊಳ್ಳಬಹುದು. ಚಳಿಯಲ್ಲಿಯೇ ಓಡಬೇಕೆಂದು ಯಾವ ವ್ರತವೂ ಇಲ್ಲ. ಓಡುವವರು ಸೂರ್ಯ ಮೇಲೆ ಬಂದು ನೆಲ ಒಣಗಿ ಕಣ್ಣಿಗೆ ಚೆನ್ನಾಗಿ ಕಾಣುವವರೆಗೆ ಕಾಯಬೇಕು. ಮೊದಲು ಪಾದರಕ್ಷೆ ಹಾಕಿಕೊಂಡೇ ಹತ್ತು ನಿಮಿಷ ಬಿರುಸಾಗಿ ನಡೆದು ಮೈ ಬಿಸಿಯೇರಿಸಿಕೊಳ್ಳಬೇಕು. ಮೈ ಬೆಚ್ಚಗಿದ್ದು ಕಿವಿ, ಕೈಗಳಿಗೆ ಹೊದಿಕೆಯಿದ್ದರೆ ದೇಹವು ಪಾದಗಳಿಗೂ ಉದಾರವಾಗಿ ರಕ್ತ ಕಳುಹಿಸುತ್ತದೆ. ಕಾಲಿನ ಚಳಿಗೆ ಔಷಧ ತಲೆಯ ಮೇಲಿನ ಟವೆಲ್ಲಿನಲ್ಲಿದೆ ಎಂದು ನಾವು ವಿನೋದಕ್ಕೆ ಹೇಳುವುದುಂಟು. ಆಮೇಲೆ ಚಪ್ಪಲಿ ಕಳಚಿ ಒಂದೆರಡು ನಿಮಿಷ ಮಾತ್ರ, ಚಿಕ್ಕ ಹೆಜ್ಜೆಗಳಲ್ಲಿ, ಸಪ್ಪಳವಾಗದಂತೆ ಓಡಬೇಕು. ಹೆಜ್ಜೆಯ ಸಪ್ಪಳ ಜೋರಾಗಿ ಕೇಳಿದರೆ ಕಾಲನ್ನು ನೆಲಕ್ಕೆ ಅಪ್ಪಳಿಸುತ್ತಿದ್ದೇವೆಂದು ತಿಳಿಯಬೇಕು. ಚಪ್ಪಲಿ ಮನೆಯಲ್ಲಿರಬಾರದು, ಕೈಯಲ್ಲಿಯೇ ಇರಬೇಕು.

ನಡುನಡುವೆ ನಿಂತು ಐದೂ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುವುದು ಇಡೀ ಅಭ್ಯಾಸದಲ್ಲಿ ಅತಿ ಮುಖ್ಯವಾದುದು. ಯಾವ ಬೆರಳನ್ನು ಮುಟ್ಟಿದೆವೆಂದು ಕಣ್ಣು ಮುಚ್ಚಿದಾಗಲೂ ಗೊತ್ತಾಗಬೇಕು. ಗೊತ್ತಾಗದಿದ್ದರೆ, ಅಥವಾ ಬೆರಳು ಬಿಳಿಚಿಕೊಂಡಿದ್ದರೆ, ಆ ದಿನದ ಅಭ್ಯಾಸ ಅಲ್ಲಿಗೆ ಮುಗಿಯಿತು. ವಾರಕ್ಕೆ ಎರಡು ಮೂರು ದಿನ ಸಾಕು; ನಡುವಿನ ದಿನಗಳು ಮೂಳೆಗೆ ಬೇಕಾದ ವಿಶ್ರಾಂತಿ. ಮೀನಖಂಡ ಒಂದೆರಡು ದಿನ ನೋಯುವುದು ಸಹಜ. ಪಾದದ ಮೇಲ್ಭಾಗದಲ್ಲಿ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋಯುವುದು ಸಹಜವಲ್ಲ, ವೈದ್ಯರಿಗೆ ತೋರಿಸಬೇಕು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷಗಳಾಗಿದ್ದರೆ ಮತ್ತೊಮ್ಮೆ ಹಾಕಿಸಿಕೊಳ್ಳಬೇಕು. ಬೀಡಿ ಸಿಗರೇಟು ಸೇದುವವರ ಕಾಲಿನ ರಕ್ತನಾಳಗಳು ಮೊದಲೇ ಬಿಗಿದಿರುವುದರಿಂದ ಅವರು ಕಳಚಬೇಕಾದುದು ಬೂಟನ್ನಲ್ಲ, ಆ ಚಟವನ್ನು.

ಈಗ ನಮ್ಮ ಮನಸ್ಸನ್ನು ಹೆಚ್ಚು ಕಾಡುವ ಮಾತಿಗೆ ಬರುತ್ತೇವೆ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು 1946ರಲ್ಲಿ ವೆಲ್ಲೂರಿಗೆ ಬಂದು ಕುಷ್ಠರೋಗಿಗಳ ಸೇವೆ ಮಾಡಿದರು. ಕುಷ್ಠರೋಗಿಯ ಕೈಕಾಲು ಬೆರಳುಗಳು ರೋಗದಿಂದಲೇ ಕೊಳೆತು ಉದುರುತ್ತವೆ ಎಂದು ಲೋಕವೆಲ್ಲ ನಂಬಿದ್ದ ಕಾಲದಲ್ಲಿ, ಅವರು ರೋಗಿಗಳ ದಿನಚರಿಯನ್ನು ತಾಳ್ಮೆಯಿಂದ ಗಮನಿಸಿ ಬೇರೊಂದನ್ನು ಕಂಡುಕೊಂಡರು. ರೋಗವು ನರಗಳನ್ನು ಕೆಡಿಸುತ್ತದೆ, ನೋವು ತಿಳಿಯದಾಗುತ್ತದೆ. ನೋವು ತಿಳಿಯದವನು ಗಾಯದ ಮೇಲೆಯೇ ನಡೆಯುತ್ತಾನೆ, ಸುಡುವ ಪಾತ್ರೆಯನ್ನು ಹಿಡಿದೇ ಇರುತ್ತಾನೆ. ಬೆರಳು ಹೋಗುವುದು ಹೀಗೆ. ಅಂತಹ ಕಾಲುಗಳಿಗೆಂದು ಅವರೂ ಅವರ ಸಂಗಡಿಗರೂ ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿಗಳನ್ನು ರೂಪಿಸಿದರು. ಎಂ.ಸಿ.ಆರ್. ಚಪ್ಪಲಿ ಎಂದು ಇಂದಿಗೂ ಕರೆಯಲಾಗುವುದು ಆ ಬಗೆಯದನ್ನೇ. ಮುಂದೆ ಬ್ರ್ಯಾಂಡರು ಅಮೆರಿಕಕ್ಕೆ ಹೋದಾಗ, ಮಧುಮೇಹಿಗಳ ಕಾಲಿನ ಹುಣ್ಣಿಗೂ ಇದೇ ಕಾರಣವೆಂದು ತೋರಿಸಿಕೊಟ್ಟರು.

ಬಹುಕಾಲದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಸದ್ದಿಲ್ಲದೆ ಮಂಕುಗೊಳಿಸುತ್ತದೆ, ರಕ್ತನಾಳಗಳನ್ನೂ ಕಿರಿದುಗೊಳಿಸುತ್ತದೆ. ಇಂತಹ ಭಕ್ತರೊಬ್ಬರು ಹರಕೆಯೆಂದು ಚಳಿಯಲ್ಲಿ ಬರಿಗಾಲಿನಿಂದ ಹತ್ತಾರು ಮೈಲಿ ನಡೆದರೆ ಗಾಯವಾದುದು ಅವರಿಗೆ ತಿಳಿಯುವುದು ನೋವಿನಿಂದಲ್ಲ, ಹಾಸಿಗೆಯ ಮೇಲಿನ ಕಲೆಯಿಂದ ಅಥವಾ ಹುಣ್ಣಿನ ವಾಸನೆಯಿಂದ. ಅಷ್ಟರೊಳಗೆ ಸೋಂಕು ಮೂಳೆಯನ್ನು ತಲುಪಿರಬಹುದು. ಬೆರಳಿನಿಂದ ಆರಂಭವಾಗಿ ಪಾದವನ್ನೇ ತೆಗೆಯಬೇಕಾಗಿ ಬಂದ ಕುಟುಂಬಗಳು ನಮ್ಮ ಭಕ್ತವೃಂದದಲ್ಲಿಯೂ ಇವೆ.

ಹಿಂದಿನವರು ಬರಿಗಾಲಿನಲ್ಲಿಯೇ ಶ್ರೀಶೈಲಕ್ಕೆ ನಡೆದು ಬರುತ್ತಿರಲಿಲ್ಲವೇ ಎಂದು ಕೇಳುವವರುಂಟು. ನಡೆದು ಬರುತ್ತಿದ್ದರು. ಹುಟ್ಟಿನಿಂದ ನೆಲ ಮೆಟ್ಟಿ ಗಟ್ಟಿಯಾದ ಅಂಗಾಲು ಅವರದು, ಸಕ್ಕರೆ ಕಾಯಿಲೆ ಇಂದಿನಂತೆ ಮನೆಮನೆಗೂ ಬಂದಿರಲಿಲ್ಲ. ದಾರಿಯಲ್ಲಿ ಕಾಲು ಕಳೆದುಕೊಂಡವರ ಲೆಕ್ಕವನ್ನು ಅಂದು ಯಾರೂ ಬರೆದಿಡಲಿಲ್ಲ ಎಂಬುದನ್ನೂ ಸೇರಿಸಿಕೊಳ್ಳಬೇಕು.

ಪಾದರಕ್ಷೆ ತೊಟ್ಟರೆ ಭಕ್ತಿಗೆ ಕುಂದೆಂಬ ಭಾವನೆ ಶರಣ ಪರಂಪರೆಗೆ ಹೊಂದುವಂತಹುದಲ್ಲ ಎಂಬುದು ನಮ್ಮ ನಿಲುವು. ಹರಳಯ್ಯನವರ ಕಾಯಕ ಪಾದರಕ್ಷೆ ಮಾಡುವುದೇ ಆಗಿತ್ತು. ಅವರೂ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ತಂದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಬಸವಣ್ಣನವರು ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದು ಪರಂಪರೆ ಹೇಳುತ್ತದೆ. ಅಂತಹ ಕಾಯಕದ ಫಲವನ್ನು ದಾರಿಯಲ್ಲಿ ತೊಡುವುದರಿಂದ ಹರಕೆಗೆ ಭಂಗವಾಗುವುದಾದರೂ ಹೇಗೆ? ಮಠದ ಬಾಗಿಲಲ್ಲಿ ಚಪ್ಪಲಿ ಬಿಡುವ ಮರ್ಯಾದೆ ಇದ್ದೇ ಇರುತ್ತದೆ. ಮಧುಮೇಹಿಗಳು ಒಳಗೆ ತಣ್ಣನೆಯ ಕಲ್ಲುಹಾಸಿನ ಮೇಲೆ ಶುಚಿಯಾದ ಕಾಲುಚೀಲ ಹಾಕಿಕೊಳ್ಳಲು ಯಾರೂ ಅಡ್ಡಿ ಮಾಡಬಾರದು. ಚಪ್ಪಲಿಯಲ್ಲಿ ನಡೆಯುವ ಹಿರಿಯರನ್ನು ಕಂಡು ಹುಬ್ಬೇರಿಸುವ ಅಭ್ಯಾಸವನ್ನು ಪಾದಯಾತ್ರೆಯ ತಂಡಗಳು ಬಿಡಬೇಕು.

ಐದಾರು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಪ್ರತಿಯೊಬ್ಬರೂ ಯಾತ್ರೆಯ ಸಂಕಲ್ಪ ಮಾಡುವ ಮೊದಲು ಪಾದದ ಪರೀಕ್ಷೆ ಮಾಡಿಸಿಕೊಳ್ಳಬೇಕು. ವೈದ್ಯರು ಹತ್ತು ಗ್ರಾಂ ಒತ್ತಡದಲ್ಲಿ ಬಾಗುವ ನೈಲಾನ್ ಎಳೆಯೊಂದನ್ನು ಅಂಗಾಲಿನ ಕೆಲವು ಕಡೆ ಒತ್ತಿ, ತಿಳಿಯಿತೇ ಎಂದು ಕೇಳುತ್ತಾರೆ. ನಾಲ್ಕೈದು ನಿಮಿಷಗಳ ಕೆಲಸ, ನೋವಿಲ್ಲ. ತಿಳಿಯದ ಜಾಗ ಒಂದಿದ್ದರೂ ಬರಿಗಾಲಿನ ಹರಕೆಯನ್ನು ಬೇರೆ ಸೇವೆಗೆ ಬದಲಾಯಿಸಿಕೊಳ್ಳಲಿ. ದಾಸೋಹದ ಮನೆಯಲ್ಲಿ ಕೈಗಳಿಗೆ ಕೆಲಸ ಬೇಕಾದಷ್ಟಿದೆ.

ಕೊನೆಯದಾಗಿ, ಯಾತ್ರೆಯ ತಂಗುದಾಣಗಳಲ್ಲಿ ಸೇವೆ ಮಾಡುವವರಲ್ಲಿ ಒಂದು ಅರಿಕೆ. ರಾತ್ರಿ ಚಳಿಗೆಂದು ಹಾಕುವ ಬೆಂಕಿಯ ಬಳಿ ಮಧುಮೇಹಿಗಳು ಕಾಲು ಚಾಚಿ ಮಲಗದಂತೆ ನೋಡಿಕೊಳ್ಳಬೇಕು. ಸುಟ್ಟುದು ಅವರಿಗೆ ಬೆಳಗಿನವರೆಗೆ ತಿಳಿಯದು. ಕಾಲು ತೊಳೆಯಲು ಕೊಡುವ ನೀರು ಉಗುರುಬೆಚ್ಚಗಿರಲಿ. ಆ ನೀರಿಗೆ ಮೊದಲು ಮೊಣಕೈ ಅದ್ದಿ ನೋಡುವವರು ಸೇವೆಯಲ್ಲಿರುವ ಆರೋಗ್ಯವಂತರಾಗಿರಲಿ. ತೊಳೆದ ಮೇಲೆ ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಒರೆಸಿ, ಹಿಮ್ಮಡಿಗೆ ಮಾತ್ರ ಕೊಬ್ಬರಿ ಎಣ್ಣೆ ಸವರಿ, ದೀಪದ ಬೆಳಕಿನಲ್ಲಿ ಅಂಗಾಲನ್ನು ಒಮ್ಮೆ ನೋಡಿ ಕಳುಹಿಸಬೇಕು. ಬಗ್ಗಿ ನೋಡಿಕೊಳ್ಳಲಾಗದ ಹಿರಿಯರಿಗೆಂದು ತಂಗುದಾಣದಲ್ಲಿ ಒಂದು ಕೈಗನ್ನಡಿ ಇದ್ದರೆ ಇನ್ನೂ ಒಳ್ಳೆಯದು.