ಇಲಿಗೆ ಎಡೆಯಿಲ್ಲದ ಬಿಡಾರ

ಯುವ ಅಂಗಳ



ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದರು. ಕೋಶದ ಮಾತು ಹೇಗೋ ಏನೋ, ದೇಶ ಸುತ್ತುವುದರಲ್ಲಿ ಮಾತ್ರ ನೀವು ನಮ್ಮನ್ನು ಮೀರಿಸಿದ್ದೀರಿ. ಹಳೆಯ ಓಮ್ನಿಯಲ್ಲೋ ಈಕೊದಲ್ಲೋ ಹಾಸಿಗೆ ಹಾಸಿಕೊಂಡು, ಲಾಡ್ಜಿನ ಬಾಡಿಗೆ ಉಳಿಸಿ, ಶನಿವಾರ-ಭಾನುವಾರ ಪುಣೆಯ ಗದ್ದಲದಿಂದ ದೂರ ಹೋಗಿ ಬರುವುದು ನಿಮ್ಮಲ್ಲಿ ಅನೇಕರಿಗೆ ರೂಢಿಯಾಗಿದೆ. ಸಂತೋಷದ ಸಂಗತಿಯೇ. ಹೀಗೆ ಹೋಗಿ ಬಂದವರು ಕೇಳುವ ಪ್ರಶ್ನೆ ಎರಡು. ಖರ್ಚನ್ನು ಇನ್ನೂ ಕಡಿಮೆ ಮಾಡುವುದು ಹೇಗೆ? ರಾತ್ರಿ ವ್ಯಾನಿನೊಳಗೆ ನುಗ್ಗುವ ಇಲಿಗಳನ್ನು ತಡೆಯುವುದು ಹೇಗೆ? ಎರಡಕ್ಕೂ ಉತ್ತರ ಬಹುಪಾಲು ಒಂದೇ ಎಂಬುದನ್ನು ಈ ಸಲ ಇಂದಾಪುರವನ್ನು ಮುಂದಿಟ್ಟುಕೊಂಡು ನೋಡೋಣ.

ಇಂದಾಪುರವೇ ಏಕೆ? ಪುಣೆಯಿಂದ ಸೋಲಾಪುರ ಹೆದ್ದಾರಿಯಲ್ಲಿ ಸುಮಾರು ೧೪೦ ಕಿ.ಮೀ. ಹೋದರೆ ಸಿಗುವ ತಾಲ್ಲೂಕು ಸ್ಥಳ ಇದು. ಶಿವಾಜಿಯ ಅಜ್ಜ ಮಾಲೋಜಿರಾಜೆ ಭೋಸಲೆ ಕಾದಾಡಿ ಮಡಿದದ್ದು ಇಲ್ಲಿಯೇ. ೧೯೮೦ರಲ್ಲಿ ಉಜನಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಭೀಮಾ ನದಿಯ ಹಿನ್ನೀರು ಈ ತಾಲ್ಲೂಕಿನ ಅಂಚಿನುದ್ದಕ್ಕೂ ಹರಡಿಕೊಂಡಿತು. ಭಿಗವಣ, ಕುಂಭಾರಗಾಂವ್ ಕಡೆಯ ಆ ತೆಳುನೀರಿಗೆ ಚಳಿಗಾಲದಲ್ಲಿ ಫ್ಲೆಮಿಂಗೊ ಹಕ್ಕಿಗಳು ಹಿಂಡುಹಿಂಡಾಗಿ ಬರುತ್ತವೆ. ಅವುಗಳ ಬೆನ್ನಿಗೆ ನಿಮ್ಮ ವ್ಯಾನುಗಳೂ ಬರುತ್ತವೆ. ಇದೇ ನದಿ ಮುಂದೆ ಕರ್ನಾಟಕಕ್ಕೆ ಇಳಿದು, ಅಫಜಲಪುರ, ಗಾಣಗಾಪುರ ದಾಟಿ, ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ನಿಮ್ಮ ಅಜ್ಜಿ ಗಾಣಗಾಪುರದ ಸಂಗಮದಲ್ಲಿ ಮಿಂದಿದ್ದರೆ ಈ ನೀರು ನಿಮಗೆ ಹೊಸದೇನಲ್ಲ.

ಹಕ್ಕಿಗಳು ಬರುವ ಕಾಲ ಮತ್ತು ಕಬ್ಬು ಕಡಿಯುವ ಕಾಲ ಎರಡೂ ಒಂದೇ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಇಂದಾಪುರ ಅಪ್ಪಟ ಕಬ್ಬಿನ ಸೀಮೆ. ಭವಾನಿನಗರ, ಬಿಜವಡಿ, ಶಹಾಜಿನಗರ ಹೀಗೆ ಈ ಒಂದೇ ತಾಲ್ಲೂಕಿನಲ್ಲಿ ಹಲವು ಸಕ್ಕರೆ ಕಾರ್ಖಾನೆಗಳಿವೆ. ಕಾರ್ಖಾನೆಗಳು ಸುಮಾರಾಗಿ ನವೆಂಬರಿನಿಂದ ಮಾರ್ಚಿಯವರೆಗೆ ಕಬ್ಬು ನುರಿಯುತ್ತವೆ. ವರ್ಷವಿಡೀ ದಟ್ಟವಾಗಿ ನಿಂತ ಕಬ್ಬಿನ ಗದ್ದೆಯೆಂದರೆ ಇಲಿ-ಹೆಗ್ಗಣಗಳಿಗೆ ಊಟ, ವಸತಿ ಎರಡೂ ಸಿಗುವ ಛತ್ರ. ಆ ಛತ್ರವನ್ನು ಎರಡು ದಿನಗಳಲ್ಲಿ ಕಡಿದು ಬಯಲು ಮಾಡಿದಾಗ ಅವು ಎಲ್ಲಿಗೆ ಹೋಗಬೇಕು? ಬದುವಿಗೆ, ರವದಿಯ ರಾಶಿಗೆ, ಹತ್ತಿರದ ಮನೆಗಳಿಗೆ ಓಡುತ್ತವೆ. ಪಕ್ಕದಲ್ಲೇ ಬೆಚ್ಚನೆಯ ಎಂಜಿನ್ ಇರುವ, ಶೇಂಗಾ ಚಟ್ನಿಯ ವಾಸನೆ ಬರುವ ವ್ಯಾನೊಂದು ನಿಂತಿದ್ದರೆ ಅಲ್ಲಿಗೂ ಬರುತ್ತವೆ. ಆದ್ದರಿಂದ ನೀವು ಅಲ್ಲಿಗೆ ಹೋಗುವ ದಿನಗಳೇ ಇಲಿಗಳು ನೆಲೆ ತಪ್ಪಿ ಅಲೆಯುವ ದಿನಗಳು.

ಇಲಿಗೂ ಬಿಡಾರಕ್ಕೂ ಇರುವ ನಂಟು ನಮ್ಮವರಿಗೆ ಹಳೆಯದು. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ಅಲ್ಲಿಂದ ಪುಣೆಯನ್ನು ಹಿಡಿಯಿತು. ಹುಬ್ಬಳ್ಳಿ-ಧಾರವಾಡಕ್ಕೆ ಹೋಯಿತು. ೧೮೯೮ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಇಲಿಯ ಮೈಮೇಲಿನ ಚಿಗಟದಿಂದ ಈ ರೋಗ ಹರಡುತ್ತದೆ ಎಂದು ಫ್ರಾನ್ಸಿನ ವೈದ್ಯ ಪಾಲ್-ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ೧೮೯೮ರಲ್ಲಿ. ಆದರೆ ‘ಇಲಿ ಬಿತ್ತು’ ಎಂಬ ಎರಡೇ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಹಳ್ಳಿಗಳ ಜನ ಮನೆಗೆ ಬೀಗ ಹಾಕಿ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಎದ್ದದ್ದೂ ಆ ಪ್ಲೇಗಿನ ಅನಂತರವೇ. ನಮ್ಮ ಮುತ್ತಜ್ಜಂದಿರು ಇಲಿಯಿಂದ ದೂರವಿರಲು ಬಯಲಿನಲ್ಲಿ ಬಿಡಾರ ಹೂಡಿದರು. ನಾವು ಈಗ ಬಿಡಾರ ಹೂಡಲು ಇಲಿಗಳಿದ್ದಲ್ಲಿಗೇ ಹುಡುಕಿಕೊಂಡು ಹೋಗುತ್ತಿದ್ದೇವೆ!

ಇಲಿ ಹಳ್ಳಿಗಾಡಿನ ತೊಂದರೆ, ಮುಂದುವರಿದ ದೇಶಗಳಲ್ಲಿ ಅದೆಲ್ಲ ಇಲ್ಲ ಎಂದು ತಿಳಿಯಬೇಡಿ. ೨೦೧೨ರ ಬೇಸಿಗೆಯಲ್ಲಿ ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದ ಹತ್ತು ಮಂದಿಗೆ ಹಂಟಾ ವೈರಸ್ ತಗಲಿ ಮೂವರು ತೀರಿಕೊಂಡರು. ಆ ಹತ್ತರಲ್ಲಿ ಒಂಬತ್ತು ಮಂದಿ ತಂಗಿದ್ದು ಎರಡು ಪದರದ ಗೋಡೆಯ ಹೊಸ ಮಾದರಿಯ ಡೇರೆಗಳಲ್ಲಿ. ಬೆಚ್ಚಗಿರಲೆಂದು ಮಾಡಿದ ಆ ಪದರಗಳ ನಡುವೆ ಇಲಿಗಳು ಗೂಡು ಕಟ್ಟಿದ್ದವು. ಸೌಕರ್ಯಕ್ಕೆಂದು ಸೇರಿಸಿದ ಒಂದು ಸಂದಿ ಇಲಿಯ ಮನೆಯಾಯಿತು. ಸಾಮಾನು ಹೆಚ್ಚಿದಷ್ಟೂ ಸಂದಿ ಹೆಚ್ಚು, ಸಂದಿ ಹೆಚ್ಚಿದಷ್ಟೂ ಇಲಿ ಹೆಚ್ಚು. ನಿಮ್ಮ ಎರಡು ಪ್ರಶ್ನೆಗಳು ಕೂಡುವುದು ಈ ಲೆಕ್ಕದಲ್ಲಿಯೇ.

ಈಗ ಕೆಲಸದ ಮಾತಿಗೆ ಬರೋಣ.

ಮೊದಲನೆಯದು ನಿಲ್ಲಿಸುವ ಜಾಗ. ಕಬ್ಬಿನ ಗದ್ದೆ, ಬದು, ರವದಿ, ಗೊಬ್ಬರದ ತಿಪ್ಪೆ ಇವುಗಳಿಂದ ಮೂವತ್ತು-ನಲವತ್ತು ಅಡಿಯಾದರೂ ದೂರದಲ್ಲಿ, ಹುಲ್ಲಿಲ್ಲದ ಬಯಲು ನೆಲದಲ್ಲಿ ವ್ಯಾನ್ ನಿಲ್ಲಿಸಿ. ಮರೆಯಿಲ್ಲದ ಬಯಲನ್ನು ದಾಟಲು ಇಲಿ ಹೆದರುತ್ತದೆ. ಮೇಲೆ ಗೂಬೆ ಇರುತ್ತದೆ ಎಂಬುದು ಅದಕ್ಕೆ ಗೊತ್ತು. ಜಾಗದ ಒಡೆಯರನ್ನು ಕೇಳಿಯೇ ಇಳಿದುಕೊಳ್ಳಿ. ನಿಮ್ಮ ಮರಾಠಿ ನಮ್ಮ ಮರಾಠಿಗಿಂತ ಚೆನ್ನಾಗಿದೆಯಷ್ಟೇ! ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಎಂಜಿನ್ ಕಡೆ ಒಮ್ಮೆ ಇಣುಕಿ ನೋಡಿ. ಇಲಿಯ ಮುಂಬಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಅದನ್ನು ಸವೆಸಲು ಅದಕ್ಕೆ ಏನಾದರೂ ಕಡಿಯುತ್ತಿರಬೇಕು, ವೈರಾದರೂ ಸರಿ.

ಎರಡನೆಯದು ತೂತುಗಳು. ಪೆನ್ಸಿಲ್ ತೂರುವಷ್ಟು, ಅಂದರೆ ಆರು ಮಿಲಿಮೀಟರ್ ಸಂದಿ ಸಿಕ್ಕರೆ ಸಣ್ಣ ಇಲಿ ಒಳಗೆ ಬಂದೀತು. ಅದರ ಎರಡರಷ್ಟಿದ್ದರೆ ದೊಡ್ಡ ಇಲಿಯೂ ನುಸುಳೀತು. ಹಗಲಲ್ಲಿ ಒಬ್ಬರು ವ್ಯಾನಿನೊಳಗೆ ಕೂತು ಬಾಗಿಲು ಮುಚ್ಚಿಕೊಳ್ಳಿ, ಬೆಳಕು ಎಲ್ಲೆಲ್ಲಿ ಒಳಬರುತ್ತದೆ ನೋಡಿ. ನೆಲದ ತೂತುಗಳು, ವೈರು ಹಾಯುವ ರಬ್ಬರಿನ ಸುತ್ತು, ಬಾಗಿಲಿನ ಹರಿದ ಬೀಡಿಂಗ್ ಇವೇ ಮುಖ್ಯ ದಾರಿಗಳು. ಗಾಳಿ ಬರುವ ಕಡೆ ಸಣ್ಣ ಕಣ್ಣಿನ ತಂತಿ ಜಾಲರಿ ಕಟ್ಟಿ. ಬೇಡದ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲಿನ ಸ್ಕ್ರಬ್ಬರನ್ನು ಗಿಡಿದು ತುಂಬಿ. ಅದನ್ನು ಇಲಿ ಕಡಿಯಲಾರದು. ವೈರಿನ ಹತ್ತಿರ ಮಾತ್ರ ಸ್ಟೀಲು ಬೇಡ, ಅಲ್ಲಿ ಹೊಸ ರಬ್ಬರ್ ಹಾಕಿಸಿ. ನೀರು ಬಸಿಯುವ ತೂತುಗಳನ್ನು ಪೂರ್ತಿ ಮುಚ್ಚಬೇಡಿ.

ಮೂರನೆಯದು ನನಗೆ ಅತಿ ಪ್ರಿಯವಾದದ್ದು. ನಿಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದ್ದೀತು. ನಿಮ್ಮ ತಂದೆಯವರು ಧಾರವಾಡದಿಂದಲೋ ಬಾಗಲಕೋಟೆಯಿಂದಲೋ ನೌಕರಿಗೆಂದು ಪುಣೆಗೆ ಬಂದಾಗ ಹೊತ್ತು ತಂದ ಟ್ರಂಕು ಅದು. ಅಂಥ ಎರಡನ್ನು ವ್ಯಾನಿನಲ್ಲಿ ಜೋಡಿಸಿಟ್ಟು, ಮೇಲೆ ಹಲಗೆ ಹಾಕಿ, ಬೆಲ್ಟಿನಿಂದ ಬಿಗಿದರೆ ಮಂಚವಾಯಿತು. ಒಂದರಲ್ಲಿ ಊಟದ ಸಾಮಾನು, ಇನ್ನೊಂದರಲ್ಲಿ ಬಟ್ಟೆ-ಹೊದಿಕೆ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಒಂದೇ ರಾತ್ರಿಯಲ್ಲಿ ಕೊರೆದೀತು, ತಗಡನ್ನು ಕೊರೆಯದು. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ನೋಂದಣಿಯಾದ ವಾಹನದ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ೧೯೮೮ರ ಮೋಟಾರು ವಾಹನ ಕಾಯ್ದೆಯ ೫೨ನೇ ಕಲಮು ಬಿಡುವುದಿಲ್ಲ. ಟ್ರಂಕಾದರೋ ಸಾಮಾನು, ಭಾನುವಾರ ಸಂಜೆ ಇಳಿಸಿಟ್ಟರೆ ಮುಗಿಯಿತು. ಸಾವಿರಾರು ರೂಪಾಯಿಯ ಕಪಾಟು ಕೂಡಿಸಿದರೆ ಅದರ ಹಿಂದೆಯೇ ಇಲಿಗೊಂದು ಸಂದಿ ಮಾಡಿಕೊಟ್ಟಂತೆ.

ನಾಲ್ಕನೆಯದು ಬುತ್ತಿ. ಇಬ್ಬರಿಗೆ ಎರಡು ದಿನಕ್ಕೆ ಹದಿನೈದು-ಇಪ್ಪತ್ತು ಕಡಕ್ ರೊಟ್ಟಿ, ಅರ್ಧ ಕಿಲೊ ಅವಲಕ್ಕಿ, ಒಂದು ಡಬ್ಬಿ ಶೇಂಗಾ ಚಟ್ನಿ, ಈರುಳ್ಳಿ, ಬೆಲ್ಲ, ಚಹಾಪುಡಿ ಸಾಕು. ಹಾಲು, ಮೊಸರು, ತರಕಾರಿ ಆಯಾ ದಿನಕ್ಕೆ ಬೇಕಾದಷ್ಟನ್ನೇ ಅಲ್ಲಿಯ ಪೇಟೆಯಲ್ಲಿ ಕೊಳ್ಳಿ. ಆಷಾಢದಲ್ಲಿ ತುಕಾರಾಮರ ಪಾಲಖಿ ದೇಹುವಿನಿಂದ ಪಂಢರಪುರಕ್ಕೆ ಹೋಗುವಾಗ ಇಂದಾಪುರದಲ್ಲಿ ತಂಗುತ್ತದೆ. ಆಗ ಒಮ್ಮೆ ಹೋಗಿ ವಾರಕರಿಗಳ ದಿಂಡಿಯನ್ನು ನೋಡಿ. ಅಷ್ಟು ಜನರ ಅಡುಗೆ, ಊಟ, ಪಾತ್ರೆ ತೊಳೆಯುವುದು ಎಲ್ಲ ಮುಗಿದು ಸಾಮಾನು ಮತ್ತೆ ಲಾರಿ ಏರುತ್ತದೆ. ದಾರಿಯ ಮೇಲೆ ಬದುಕುವವರ ಶಿಸ್ತು ಎಂದರೆ ಅದು. ಅಡುಗೆಯನ್ನು ವ್ಯಾನಿನ ಹೊರಗೇ ಮಾಡಿ. ಮುಚ್ಚಿದ ಗಾಡಿಯಲ್ಲಿ ಒಲೆ ಹೊತ್ತಿಸಿದರೆ ವಿಷಗಾಳಿಯಿಂದ ಪ್ರಾಣಕ್ಕೇ ಸಂಚಕಾರ. ಹಣ್ಣು-ತರಕಾರಿ ಇಡಲು ಅಜ್ಜಿಯ ಕಾಲದ ನೆಲುವನ್ನು ನೆನೆಯಿರಿ. ನೆಲುವಿನ ಹಗ್ಗಕ್ಕೆ ತೂತು ಕೊರೆದ ತೆಂಗಿನ ಚಿಪ್ಪನ್ನು ಬೋರಲಾಗಿ ಪೋಣಿಸಿದರೆ ಇಲಿ ಕೆಳಗಿಳಿಯಲಾರದು. ಬಂದರಿನಲ್ಲಿ ಹಡಗಿನ ಹಗ್ಗಕ್ಕೆ ತಗಡಿನ ಬಿಲ್ಲೆ ಸಿಕ್ಕಿಸುವುದೂ ಇದೇ ಉಪಾಯ.

ಇನ್ನು ಮಾಡಬಾರದ್ದು. ಇಲಿ ಪಾಷಾಣ ಬೇಡವೇ ಬೇಡ. ವಿಷ ತಿಂದ ಇಲಿ ವ್ಯಾನಿನ ಯಾವುದೋ ಮೂಲೆಯಲ್ಲಿ ಸತ್ತು ನಾರುತ್ತದೆ, ಹೊರಗೆ ಸತ್ತರೆ ಅದನ್ನು ತಿಂದ ಗೂಬೆಯೂ ಸಾಯಬಹುದು. ಮಲಗುವ ಜಾಗದಲ್ಲಿ ಡಾಂಬರು ಗುಳಿಗೆ ಇಟ್ಟು ಅದರ ಹೊಗೆ ಕುಡಿಯಬೇಡಿ. ಕಿವಿಗೆ ಕೇಳದ ಶಬ್ದದಿಂದ ಇಲಿ ಓಡಿಸುವ ಯಂತ್ರಕ್ಕೆ ದುಡ್ಡು ಸುರಿಯುವ ಮುನ್ನ ಒಂದು ವಿಷಯ ತಿಳಿದಿರಲಿ. ಅಂಥ ಯಂತ್ರಗಳ ಜಾಹೀರಾತಿನ ಮಾತಿಗೆ ವೈಜ್ಞಾನಿಕ ಆಧಾರ ಬೇಕೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೨೦೦೧ರಲ್ಲಿಯೇ ಅರವತ್ತಕ್ಕೂ ಹೆಚ್ಚು ತಯಾರಕರಿಗೆ ಮತ್ತು ವ್ಯಾಪಾರಿಗಳಿಗೆ ಎಚ್ಚರಿಕೆಯ ಪತ್ರ ಬರೆದಿತ್ತು.

ಇಲಿಯ ಹಿಕ್ಕೆ ಕಂಡರೆ ಒಣಗಿದ್ದನ್ನು ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು ಒರೆಸಿ. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಕಾಲಿಗೆ ಗಾಯವಿದ್ದರೆ ಹಿನ್ನೀರಿನ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ. ಊರಿಗೆ ಬಂದ ಮೇಲೆ ಜ್ವರ ಬಂದರೆ ಎಲ್ಲಿಗೆ ಹೋಗಿದ್ದಿರೆಂಬುದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಇಷ್ಟೆಲ್ಲ ನಿಮ್ಮ ಕ್ಷೇಮದ ಮಾತಾಯಿತು. ಇದಕ್ಕಿಂತ ದೊಡ್ಡ ಮಾತೊಂದು ಉಳಿದಿದೆ.

ನೀವು ವ್ಯಾನ್ ನಿಲ್ಲಿಸಿದ ಬಯಲಿನ ಆಚೆ ಬದಿಯಲ್ಲಿ ಕಬ್ಬಿನ ಸೋಗೆ, ತಾಡಪತ್ರಿ ಹೊದಿಸಿದ ಸಣ್ಣ ಸಣ್ಣ ಗುಡಿಸಲುಗಳನ್ನು ಕಂಡಿರಬಹುದು. ಅವಕ್ಕೆ ಅಲ್ಲಿ ‘ಕೋಪಿ’ ಎನ್ನುತ್ತಾರೆ. ಬೀಡ, ಅಹಿಲ್ಯಾನಗರ, ಜಾಲನಾ ಜಿಲ್ಲೆಗಳಿಂದ ಕಬ್ಬು ಕಡಿಯಲು ಬರುವವರ ಮನೆಗಳವು. ಗಂಡ-ಹೆಂಡಿರ ಜೋಡಿಯನ್ನು ಒಂದು ‘ಕೋಯತಾ’, ಅಂದರೆ ಒಂದು ಕುಡುಗೋಲು, ಎಂದು ಲೆಕ್ಕ ಹಿಡಿಯುತ್ತಾರೆ. ನಮ್ಮ ವಿಜಯಪುರ ಜಿಲ್ಲೆಯ ತಾಂಡಾಗಳಿಂದಲೂ ಮಹಾರಾಷ್ಟ್ರದ ಕಬ್ಬಿನ ಸೀಮೆಗೆ ಕುಟುಂಬಗಳು ಹೀಗೆಯೇ ಹೊರಡುತ್ತವೆ. ಎರಡು ದಿನ ಕಡಿಮೆ ಸಾಮಾನಿನಲ್ಲಿ ಇರುವುದು ನಮಗೆ ಹವ್ಯಾಸ, ಅವರಿಗೆ ಅದು ಐದು ತಿಂಗಳ ಸಂಸಾರ. ಅವರ ಕೋಪಿಗೆ ಬಾಗಿಲಿಲ್ಲ, ಮಕ್ಕಳು ಮಲಗುವುದು ನೆಲದ ಮೇಲೆ.

ನೀವು ಭಾನುವಾರ ಬಿಟ್ಟುಬಂದ ಅನ್ನ, ಬಿಸ್ಕತ್ತಿನ ಚೂರು, ಚಿಪ್ಸಿನ ಪೊಟ್ಟಣ ಸೋಮವಾರ ಇಲಿಗಳನ್ನು ಕರೆತರುತ್ತವೆ. ಇಲಿಯ ಹಿಂದೆ ನಾಗರಹಾವು, ಕೊಳಕುಮಂಡಲ ಬರುತ್ತವೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವ ಕಟ್ಟುಹಾವಂತೂ, ಮರಾಠಿಯ ಮಣ್ಯಾರ, ಕಚ್ಚಿದ್ದೇ ತಿಳಿಯದಷ್ಟು ಮೆಲ್ಲಗೆ ಕಚ್ಚುತ್ತದೆ. ೨೦೦೦ರಿಂದ ೨೦೧೯ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ ೫೮,೦೦೦ ಜನ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಅವರಲ್ಲಿ ಬಹುಪಾಲು ಹಳ್ಳಿಗರು. ವ್ಯಾನಿನ ಬಾಗಿಲು ಹಾಕಿಕೊಂಡು ಮಲಗಿದ ನಮ್ಮ ಉಳಿಕೆಯ ಬೆಲೆಯನ್ನು ಬಾಗಿಲಿಲ್ಲದವರ ಮಕ್ಕಳು ತೆರಬಾರದು.

ಆದ್ದರಿಂದ ಹೊರಡುವ ಮುಂಚೆ ಅರ್ಧ ತಾಸು ತೆಗೆದಿಡಿ. ಬಿದ್ದ ಕಾಳು-ಚೂರನ್ನು ಆರಿಸಿ, ಕಸವನ್ನೆಲ್ಲ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಪುಣೆಗೆ ವಾಪಸು ತನ್ನಿ. ಹೂತಿಟ್ಟರೆ ಇಲಿ, ನಾಯಿ ಅದನ್ನು ಕೆದಕುತ್ತವೆ. ಮುಂದಿನ ಸಲ ಹೋಗುವಾಗ ಒಂದೆರಡು ಗಟ್ಟಿ ಸೊಳ್ಳೆಪರದೆಗಳನ್ನು ಒಯ್ದು ಕೋಪಿಯವರಿಗೆ ಕೊಟ್ಟು ಬನ್ನಿ. ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದ ಪರದೆ ಸೊಳ್ಳೆಯನ್ನಷ್ಟೇ ಅಲ್ಲ, ಕಟ್ಟುಹಾವನ್ನೂ ತಡೆಯುತ್ತದೆ. ಯಾರಿಗಾದರೂ ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ನೋಡಿಕೊಂಡು ೧೦೮ಕ್ಕೆ ಫೋನ್ ಮಾಡಿ, ಅಥವಾ ನಿಮ್ಮ ವ್ಯಾನಿನಲ್ಲೇ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಿಮಗೆ ವ್ಯಾನೇ ಕಲಿಸುತ್ತದೆ, ನಾನು ಹೇಳಬೇಕಾಗಿಲ್ಲ. ಅಟ್ಟದ ಮೇಲಿನ ಟ್ರಂಕನ್ನು ಕೆಳಗಿಳಿಸುವಾಗ ಅದರ ಕಥೆಯನ್ನೂ ತಂದೆಯವರಿಂದ ಕೇಳಿಕೊಳ್ಳಿ. ಕೇಳಿದ್ದನ್ನು ಹತ್ತು ಸಾಲಾದರೂ ಕನ್ನಡದಲ್ಲಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಯ ಈ ಅಂಗಳ ನಿಮ್ಮದೇ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಿಕೊಳ್ಳೋಣ.